ಬಿರುಕು ಬಿಟ್ಟ ಪ್ಲೇಟಿನಿಂದ ವೆದರ್‌ಫರ್ಡ್ ಪಿಯಾನೊ

ಬಿರುಕು ಬಿಟ್ಟ ಗ್ರಾಮಫೋನ್ ಪ್ಲೇಟು ಗೋಡೆಗೆ ತೂಗುಹಾಕಲು ಮಾತ್ರ ಲಾಯಕ್ಕು ಎಂದಿದ್ದ ಮಿತ್ರರೇ ಈಗ ಪೆನ್‌ಡ್ರೈವ್ ಹಿಡಿದು ಮನೆಗೆ ಬರುತ್ತಿದ್ದಾರೆ.

ಪ್ಲೇಟು ಎರಡನೇ ಮಹಾಯುದ್ಧದ ಕಾಲದ್ದು, ಅಮೆರಿಕದ ಜಾಝ್ ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಕಲ್ಕತ್ತೆಯಲ್ಲಿ ತನ್ನ ವಾದ್ಯವೃಂದದೊಡನೆ ಕೊಲಂಬಿಯಾ ಕಂಪನಿಗೆ ನುಡಿಸಿದ್ದು. ಷಿಕಾಗೋದಲ್ಲಿ ಹೆಸರಾಂತ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದ ವೃಂದದಲ್ಲೇ ಪಿಯಾನೊ ನುಡಿಸಿ, 1926ರಲ್ಲಿ ಏಷ್ಯಾಕ್ಕೆ ಹೊರಟವನು. ಶಾಂಘೈ, ಮುಂಬಯಿಯ ತಾಜ್ ಎಲ್ಲ ಆಗಿ ಕಲ್ಕತ್ತೆಯ ಚೌರಂಗಿಯ ಗ್ರ್ಯಾಂಡ್ ಹೋಟೆಲಿಗೆ ಬಂದ. 1945ರ ಏಪ್ರಿಲ್‌ನಲ್ಲಿ ಕಾಲರಾ ತಗಲಿ ಅಲ್ಲೇ ತೀರಿಕೊಂಡ, ನಲವತ್ತೊಂದನೆಯ ವಯಸ್ಸಿಗೆ.

ನಾನು ಕೊಟ್ಟದ್ದು ನಾನೂರೋ ನಾನೂರೈವತ್ತೋ ರೂಪಾಯಿ. ಅಂಚಿನಿಂದ ಲೇಬಲ್‌ವರೆಗೆ ಬಿರುಕು, ಮೇಲೆ ಬೂಷ್ಟು. ಹಿಂದೊಮ್ಮೆ ಸ್ಪಿರಿಟ್‌ನಲ್ಲಿ ಒರೆಸಲು ಹೋಗಿ ಒಂದು ಒಳ್ಳೆಯ ಪ್ಲೇಟನ್ನು ಕರಗಿಸಿಕೊಂಡಿದ್ದೆ. ಆ ಕಾಲದ ಪ್ಲೇಟು ಅರಗಿನದು, ಸ್ಪಿರಿಟ್‌ನಲ್ಲಿ ಕರಗದೆ ಇನ್ನೇನು? ಈ ಸಲ ಅಂಟುವಾಳದ ನೀರು. ಮೊದಲು ಒಂದು ಒಡಕು ಚಿತ್ರಗೀತೆಯ ಪ್ಲೇಟಿನ ಮೇಲೆ ಪರೀಕ್ಷಿಸಿದೆ. ಬೂಷ್ಟು ಹೋಯಿತು, ಲೇಬಲ್ಲೂ ಹೋಯಿತು. ಆಮೇಲೆ ಲೇಬಲ್ ಮುಚ್ಚಿಕೊಂಡು ತೊಳೆದೆ.

ನಿಮಿಷಕ್ಕೆ 78 ಸುತ್ತಿನ ಅದರ ಸಹಜ ವೇಗದಲ್ಲಿ ಇಟ್ಟರೆ ಮುಳ್ಳು ಬಿರುಕಿನ ಮೇಲೆ ಕಪ್ಪೆಯಂತೆ ಹಾರುತ್ತಿತ್ತು. ಹಾಗೆ ಹಾರಿಯೇ ಒಂಬತ್ತು ಸಾವಿರದ ಮುಳ್ಳೊಂದು ಮುರಿಯಿತು. ಮನೆಯಲ್ಲಿ ಆ ಬೆಲೆಯನ್ನು ಇನ್ನೂ ಹೇಳಿಲ್ಲ. ಕೊನೆಗೆ 33ರಲ್ಲಿ ನುಡಿಸಿ, ಕಂಪ್ಯೂಟರಿನಲ್ಲಿ ವೇಗ ಏರಿಸುವ ದಾರಿ ಹಿಡಿದೆ. ಹೊಸದೇನಲ್ಲ. ಆದರೆ ಮೊದಲ ಸಲ, ಮುಳ್ಳಿನ ಸಣ್ಣ ಸದ್ದನ್ನು ಹಿಗ್ಗಿಸುವ ಪ್ರೀಆಂಪಿನಲ್ಲಿ ಆರ್‌ಐಎಎ ಕರ್ವನ್ನು, ಅಂದರೆ ಎಲ್‌ಪಿಗಳಿಗೆಂದು ತಗ್ಗು-ಏರು ಸ್ವರಗಳನ್ನು ಹೊಂದಿಸುವ ಏರ್ಪಾಟನ್ನು, ಹಾಗೆಯೇ ಬಿಟ್ಟಿದ್ದೆ. ವೇಗ ಏರಿಸಿದಾಗ ಕರ್ವ್ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಪಿಯಾನೊ ಡಬ್ಬಿಯೊಳಗೆ ಕೂತಂತೆ ಕೇಳಿಸಿತು. ಎರಡು ವಾರ ವ್ಯರ್ಥ. ಯಾವ ಕರ್ವೂ ಇಲ್ಲದೆ ಫ್ಲ್ಯಾಟ್ ಆಗಿ ಇಳಿಸಿಕೊಂಡು, ವೇಗ ಸರಿಪಡಿಸಿ, ಆಮೇಲೆ 250 ಹರ್ಟ್ಸ್‌ನ ಟರ್ನೋವರ್ ಕೊಟ್ಟು ಅದಕ್ಕಿಂತ ತಗ್ಗಿನ ಸ್ವರಗಳನ್ನು ಎತ್ತಿದ ಮೇಲೆಯೇ ಪಿಯಾನೊದ ಎಡಗೈ ಕೇಳಿಸತೊಡಗಿದ್ದು.

ಆಗ ಇನ್ನೊಂದು ಪೀಡೆ ವಕ್ಕರಿಸಿತು. ಕರೆಂಟಿನ 50 ಹರ್ಟ್ಸ್ ಗುಂಯ್ಗುಡುವಿಕೆ ವೇಗದೊಡನೆ ತಾನೂ ಏರಿ 117ಕ್ಕೆ ಹೋಗಿ ಕುಳಿತಿತ್ತು. ಅದು ಹೆಚ್ಚುಕಡಿಮೆ ಬಿ-ಫ್ಲಾಟ್! ಟ್ರಂಪೆಟ್, ಕ್ಲಾರಿನೆಟ್‌ಗಳಿಗೆ ಪ್ರಿಯವಾದ ಶ್ರುತಿ. ವೀಣೆ ಬಲ್ಲ ಗೆಳೆಯರೊಬ್ಬರು ಕೇಳಿ, "ಪರವಾಗಿಲ್ಲ, ನಿಮ್ಮ ಜಾಝ್‌ಗೂ ತಂಬೂರಿ ಹಾಕಿದ್ದೀರಿ" ಎಂದರು. ಯುಪಿಎಸ್ ಆರಿಸಿ, ಅರ್ಥಿಂಗ್ ತಂತಿ ಬದಲಿಸಿದ ಮೇಲೆ ತೊಲಗಿತು. ಖರ್ಚು ನೂರಿಪ್ಪತ್ತು ರೂಪಾಯಿ.

ಬಿರುಕಿನ ಟಕ್ಕುಗಳು ಸುತ್ತಿಗೊಂದು, ಮೂರು ನಿಮಿಷಕ್ಕೆ ಇನ್ನೂರ ಮೂವತ್ತರ ಆಸುಪಾಸು. ಸಾಫ್ಟ್‌ವೇರಿಗೆ ಒಪ್ಪಿಸಿದರೆ ಅದು ಪಿಯಾನೊದ ಸುತ್ತಿಗೆ ಏಟನ್ನೂ ಟಕ್ಕೆಂದೇ ತಿಳಿದು ನುಂಗುತ್ತದೆ. ನಾಲ್ಕು ರಾತ್ರಿ ಕುಳಿತು ಒಂದೊಂದನ್ನೇ ಕೈಯಿಂದ ತೆಗೆದೆ. ಚರಪರ ಸದ್ದನ್ನು ಅರ್ಧದಷ್ಟು ಉಳಿಸಿದ್ದೇನೆ. ಅದನ್ನೂ ಒರೆಸಿದರೆ ಸ್ವರ ಆರುವ ಬಾಲವೇ ಕತ್ತರಿಸಿ ಹೋಗುತ್ತದೆ.

ಬಿರುಕಿನ ಎರಡು ಅಂಚುಗಳನ್ನು ಸಮಮಟ್ಟಕ್ಕೆ ತರಲು ಪ್ಲೇಟಿನ ಅಡಿಗೆ ಏನು ಇಡುತ್ತೇನೆಂದು ಎಲ್ಲರೂ ಕೇಳುತ್ತಾರೆ. ಅಡುಗೆಮನೆಯಲ್ಲಿ ಸಿಗುವ ವಸ್ತು, ಅಷ್ಟು ಸಾಕು. ಇನ್ನೊಂದು ಮಗ್ಗುಲು ಬಾಕಿ ಇದೆ. ಅಲ್ಲಿ ಆ ಉಪಾಯವೂ ನಡೆಯುತ್ತಿಲ್ಲ.