ಆರಡಿ ಮೀರಿದವರು ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಆರಾಮವಾಗಿ ಕೂರುವುದು ಹೇಗೆ

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದು ಹೊರಟ ಎತ್ತರದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ನಾನು ಆರಡಿ ಎರಡಿಂಚು ಇದ್ದೇನೆ, ಇದರಲ್ಲಿ ಕೂರಲಾದೀತೇ?" ಎಂಬುದು. ಬರೀ ಎತ್ತರ ಕೇಳಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಕಾರಿನೊಳಗೆ ಲೆಕ್ಕಕ್ಕೆ ಬರುವುದು ಕುಳಿತಾಗಿನ ಎತ್ತರ, ತೊಡೆಯ ಉದ್ದ, ಮೊಣಕಾಲಿನ ಎತ್ತರ ಮತ್ತು ಪಾದದ ಅಗಲ. ನಾನು 188 ಸೆಂ.ಮೀ. ಇದ್ದೇನೆ, ಶಿರಸಿಯಲ್ಲಿರುವ ನನ್ನ ಭಾವ ನನಗಿಂತ ಮೂರು ಸೆಂ.ಮೀ. ಗಿಡ್ಡ. ಆದರೂ ಅವರ ಮನೆಯ ಜಗುಲಿಯಲ್ಲಿ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕುಳಿತು ಅಳೆದಾಗ ಅವರ ನೆತ್ತಿ ನನ್ನದಕ್ಕಿಂತ ನಾಲ್ಕು ಸೆಂ.ಮೀ. ಮೇಲಿತ್ತು. ಕಾರವಾರದಲ್ಲಿರುವ ನನ್ನ 1967ರ ಎಂಜಿಬಿ ಎಂಬ ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರಿನಲ್ಲಿ ನನ್ನ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು. ಅದೇ ಸೀಟಿನಲ್ಲಿ ಕುಳಿತ ಭಾವ, "ಕಾಲಿಗೆ ತೊಂದ್ರೆ ಇಲ್ಲೆ, ಮಂಡೆ ತಾಗ್ತು" ಎಂದರು. ಕಾರು ಒಂದೇ, ಎತ್ತರವೂ ಹೆಚ್ಚುಕಡಿಮೆ ಒಂದೇ, ಬೇಕಾದ ಪರಿಹಾರ ಮಾತ್ರ ಬೇರೆ ಬೇರೆ.

ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮೊದಲು ಟೇಪು ಹಿಡಿಯಬೇಕು. ನೆಲದ ಮೇಲೆ ಗೋಡೆಗೆ ಬೆನ್ನೂ ಸೊಂಟವೂ ಒತ್ತುವಂತೆ ಕುಳಿತು, ತಲೆಯ ಮೇಲೆ ದಪ್ಪ ಪುಸ್ತಕವನ್ನು ಮಟ್ಟವಾಗಿಟ್ಟು, ಅದರ ಕೆಳಗಿನ ಅಂಚಿಗೆ ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಿರಿ. ಅದು ಕುಳಿತಾಗಿನ ಎತ್ತರ. ಬಳಿಕ ಕುರ್ಚಿಯಲ್ಲಿ ನೇರವಾಗಿ ಕುಳಿತು ಬೆನ್ನಿನ ಹಿಂದಿನ ಗೋಡೆಯಿಂದ ಮೊಣಕಾಲಿನ ತುದಿಯವರೆಗಿನ ಉದ್ದವನ್ನೂ, ನೆಲದಿಂದ ಮೊಣಕಾಲಿನ ಮೇಲ್ಭಾಗದ ಎತ್ತರವನ್ನೂ ಬರೆದುಕೊಳ್ಳಿ. ಕಾರು ಓಡಿಸುವಾಗ ಹಾಕುವ ಶೂವಿನ ಅತಿ ಅಗಲವಾದ ಭಾಗವನ್ನು ಅಳೆಯುವುದನ್ನು ಮರೆಯಬೇಡಿ. ಈ ನಾಲ್ಕು ಅಂಕಿಗಳ ಚೀಟಿ ಕಿಸೆಯಲ್ಲಿದ್ದರೆ ಕಾರು ನೋಡಲು ಹೋದಲ್ಲಿ ಮನಸ್ಸಿನ ಆತುರಕ್ಕೆ ಸ್ವಲ್ಪ ಕಡಿವಾಣ ಬೀಳುತ್ತದೆ.

ಇನ್ನೂ ಕೊಂಡಿಲ್ಲದವರಿಗೆ ಕಾರಿನ ಆಯ್ಕೆಯೇ ಅರ್ಧ ಪರಿಹಾರ. ಬ್ರಿಟನ್ನಿನ ಚಿಕ್ಕ ರೋಡ್‌ಸ್ಟರುಗಳ, ಅಂದರೆ ಎರಡು ಸೀಟಿನ ತೆರೆದ ಕಾರುಗಳ ಪೈಕಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಉದ್ದ ಕಾಲಿನವರಿಗೆ ಉದಾರವಾದುದು. ಅದೇ ಮನೆತನದ ಎಂಜಿ ಮಿಜೆಟ್ ಮತ್ತು ಆಸ್ಟಿನ್-ಹೀಲಿ ಸ್ಪ್ರೈಟ್ ಬಹಳ ಇಕ್ಕಟ್ಟು. ಟ್ರಯಂಫ್ ಸ್ಪಿಟ್‌ಫೈರ್ ನಡುವೆ ನಿಲ್ಲುತ್ತದೆ. ಅದರಲ್ಲಿ ಸ್ಟೇರಿಂಗ್ ಕೊಳವೆಯನ್ನು ಬಿಗಿಹಿಡಿಯುವ ಕ್ಲ್ಯಾಂಪನ್ನು ಸಡಿಲಿಸಿ ಚಕ್ರವನ್ನು ಹಿಂದೆ ಮುಂದೆ ಮಾಡುವ ಏರ್ಪಾಡು ಮೂಲದಲ್ಲೇ ಇದೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಬಿಚ್ಚಿ ಜೋಡಿಸಿದ ಹಿರಿಯ ಮೇಸ್ತ್ರಿಗಳಿಗೆ ಈ ಜೋಡಣೆ ಗೊತ್ತಿರುತ್ತದೆ, ಏಕೆಂದರೆ ಎರಡೂ ಒಂದೇ ಬುಡದಿಂದ ಬಂದವು. ಜಾಗ್ವಾರ್ ಇ-ಟೈಪ್ 1961ರಲ್ಲಿ ಹೊರಬಂದಾಗ ಅದರ ತಳ ಸಪಾಟಾಗಿತ್ತು. ಕಾಲಿಗೆ ಜಾಗ ಸಾಲದೆಂದು 1962ರಲ್ಲಿ ಪಾದ ಇಡುವಲ್ಲಿ ತಳವನ್ನೇ ತಗ್ಗು ಮಾಡಿದರು. ಪೋರ್ಷೆ 911 ಮತ್ತು ಡಾಟ್ಸನ್ 240ಝಡ್ ಎತ್ತರದವರಿಗೆ ಒಗ್ಗುತ್ತವೆ. ಯಾವುದೇ ಆಗಲಿ, ಮುಂಗಡ ಕೊಡುವ ಮೊದಲು ಅರ್ಧ ಗಂಟೆ ಅದರಲ್ಲಿ ಕುಳಿತೇ ನೋಡಬೇಕು. ಐದು ನಿಮಿಷದಲ್ಲಿ ಯಾವ ಕಾರೂ ನೋವು ಕೊಡುವುದಿಲ್ಲ.

ನಮ್ಮ ಕರಾವಳಿಯವರು ಇದರೊಡನೆ ಇನ್ನೊಂದು ಎಚ್ಚರಿಕೆ ವಹಿಸಬೇಕು. ತೆರೆದ ಕಾರನ್ನು ಎಲ್ಲರೂ ಹುಡ್, ಅಂದರೆ ಮಡಚುವ ಬಟ್ಟೆಯ ಮಾಡು, ಮಡಚಿ ಕುಳಿತು ಪರೀಕ್ಷಿಸುತ್ತಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲಾ, ಕುಮಟಾ ಕಡೆ ಕ್ಯಾನ್ವಾಸ್ ಹುಡ್ ಏರಿಸದೆ ಮನೆಯ ಗೇಟು ದಾಟಲಾಗದು. ಆದ್ದರಿಂದ ಹುಡ್ ಏರಿಸಿ, ಅದರ ಕೊಂಡಿಗಳನ್ನೆಲ್ಲ ಬಿಗಿದು, ಆಮೇಲೆ ತಲೆಯ ಮೇಲಿನ ಜಾಗ ನೋಡಬೇಕು. ಬಟ್ಟೆ ತಾಗಿದರೆ ಅಷ್ಟೇನೂ ಪೆಟ್ಟಿಲ್ಲ, ಬಟ್ಟೆಯ ಕೆಳಗಿರುವ ಕಬ್ಬಿಣದ ಕಮಾನು ತಾಗಿದರೆ ಅಪಾಯ. ರಸ್ತೆಯುಬ್ಬಿನಲ್ಲಿ ಮೈ ಮೇಲೆದ್ದು ಬೀಳುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ನೆತ್ತಿಗೂ ಕಮಾನಿಗೂ ನಡುವೆ ಐದು ಸೆಂ.ಮೀ. ಆದರೂ ಬಿಡಬೇಕು.

ಕೆಲಸ ಶುರು ಮಾಡಬೇಕಾದದ್ದು ಸೀಟಿನಿಂದ. ಅದರಲ್ಲೂ ಮೊದಲು ನೋಡಬೇಕಾದದ್ದು ಸೀಟು ಹಿಂದೆ ಮುಂದೆ ಸರಿಯುವ ಹಳಿ, ಅಂದರೆ ಸ್ಲೈಡರ್. ನನ್ನ ಕಾರಿನ ಸೀಟು ಕೊನೆಯವರೆಗೆ ಹಿಂದೆ ಹೋಗಿದೆ ಎಂದೇ ನಾನು ಒಂದು ವರ್ಷ ನಂಬಿದ್ದೆ. ನಾಲ್ಕು ಬೋಲ್ಟು ಬಿಚ್ಚಿ ಸೀಟನ್ನು ಹೊರತೆಗೆದು ಅಂಗಳದಲ್ಲಿ ಬೋರಲು ಹಾಕಿದಾಗ ನಿಜ ತಿಳಿಯಿತು. ಹಳಿಯ ಹಿಂದಿನ ತುದಿಯಲ್ಲಿ ತುಕ್ಕಿನ ಹೆಕ್ಕಳಿಕೆಗಳು ಪದರು ಪದರಾಗಿ ಎದ್ದಿದ್ದವು. ಅವುಗಳ ಸಂದಿಯಲ್ಲಿ ಗ್ರೀಸಿನೊಡನೆ ಕಲೆತ ಸಮುದ್ರದ ಮರಳು ಗಾರೆಯಂತೆ ಗಟ್ಟಿಯಾಗಿ ಕುಳಿತಿತ್ತು. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ತಂತಿ ಬ್ರಷ್ಷಿನಿಂದ ಉಜ್ಜಿ, ಮರದ ಕೊಡತಿಯಿಂದ ಮೆಲ್ಲನೆ ತಟ್ಟಿದಾಗ ಹಳಿ ಇನ್ನೂ ನಾಲ್ಕು ಸೆಂ.ಮೀ. ಹಿಂದೆ ಸರಿಯಿತು. ನನ್ನ ಮೊಣಕಾಲಿನ ತೊಂದರೆಯ ಅರ್ಧ ಅಲ್ಲಿಗೇ ಮುಗಿಯಿತು. ಉಪ್ಪುಗಾಳಿಯ ಊರಿನಲ್ಲಿರುವ ಪ್ರತಿಯೊಬ್ಬರೂ ಬೇರೆ ಯಾವ ಬದಲಾವಣೆಗೂ ಮುನ್ನ ಇದನ್ನು ಮಾಡಲೇಬೇಕು. ಜೊತೆಗೆ ಸೀಟಿನ ಬೆನ್ನ ಹಿಂದೆ ಯಾರೋ ಹಾಕಿಸಿದ ದಪ್ಪ ಕಾರ್ಪೆಟ್, ಸದ್ದು ತಡೆಯುವ ಹಾಳೆ ಇದ್ದರೆ ಅದನ್ನು ತೆಳ್ಳಗಿನದಕ್ಕೆ ಬದಲಿಸಿದರೆ ಇನ್ನೊಂದೆರಡು ಸೆಂ.ಮೀ. ಸಿಗುತ್ತದೆ.

ತಲೆ ತಾಗುವವರು ಕುಶನ್ ಒಳಗೆ ಏನಿದೆ ಎಂದು ನೋಡಬೇಕು. ನನ್ನ ಸೀಟಿಗೆ ಹಿಂದೊಮ್ಮೆ ಹೊಸ ರೆಕ್ಸಿನ್ ಹಾಕಿಸಿದಾಗ ಕುಶನ್ ಕೆಲಸದವರು ನನ್ನನ್ನು ಕೇಳದೆ ನಾಲ್ಕಿಂಚಿನ ಮೆತ್ತನೆಯ ಫೋಮ್ ತುಂಬಿಸಿದ್ದರು. ನೋಡಲು ಸೋಫಾದಂತೆ ಚೆಂದವಾಗಿತ್ತು; ಕುಳಿತರೆ ಮುಂಗಾಜಿನ ಮೇಲಿನ ಚೌಕಟ್ಟು ನೇರವಾಗಿ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಅದನ್ನು ತೆಗೆಸಿ ಎರಡಿಂಚಿನ ಗಟ್ಟಿ ಫೋಮ್ ಹಾಕಿಸಿದೆ. ಮೆತ್ತನೆಯದು ದಪ್ಪಗಿದ್ದರೂ ಕೊನೆಗೆ ಕುಸಿದು ಬೆನ್ನು ನೋಯಿಸುತ್ತದೆ, ಗಟ್ಟಿಯಾದದ್ದು ತೆಳ್ಳಗಿದ್ದರೂ ಮೈಯ ಭಾರವನ್ನು ಹಂಚಿ ಹೊರುತ್ತದೆ. ಫೋಮಿನ ಕೆಳಗೆ ರಬ್ಬರಿನ ಪಟ್ಟಿ ಅಥವಾ ಹಾಳೆ ಇರುವ ಸೀಟುಗಳಲ್ಲಿ ಆ ರಬ್ಬರು ಹಳತಾಗಿ ಜೋತು ಬಿದ್ದಿದ್ದರೆ ಹೊಸದು ಹಾಕಿಸಿರಿ. ಜೋತುಬಿದ್ದ ರಬ್ಬರಿನಿಂದ ತಲೆಗೆ ಜಾಗ ಸಿಗುತ್ತದೆಂದು ಹಾಗೇ ಬಿಟ್ಟವರು ಸೊಂಟನೋವಿನಿಂದ ಕಾರನ್ನೇ ದೂರುತ್ತಾರೆ.

ಎಂಜಿಬಿಯಲ್ಲಿ ಹಳಿಗೂ ಕಾರಿನ ತಳಕ್ಕೂ ನಡುವೆ ಮರದ ಪಟ್ಟಿಗಳಿರುತ್ತವೆ. ನಮ್ಮ ತೇವಕ್ಕೆ ಅವು ನೀರು ಕುಡಿದು ಉಬ್ಬಿ ಕೆಳಗಿನ ತಗಡಿಗೂ ತುಕ್ಕು ಹಿಡಿಸುತ್ತವೆ. ಈ ಪಟ್ಟಿಗಳನ್ನು ತೆಳ್ಳಗೆ ಮಾಡಿಸಿದರೆ ಸೀಟು ಇಳಿಯುತ್ತದೆ. ಆದರೆ ಎರಡೂ ಕಡೆ ಒಂದೇ ಸಮ ಇಳಿಸುವುದಕ್ಕಿಂತ ಹಿಂಭಾಗವನ್ನು ಹೆಚ್ಚು ಇಳಿಸಿ ಮುಂಭಾಗವನ್ನು ಇದ್ದಂತೆ ಬಿಡುವುದು ಮೇಲು. ಹೀಗೆ ಮಾಡಿದಾಗ ಉದ್ದ ತೊಡೆಗೆ ಕೆಳಗಿನಿಂದ ಆಧಾರ ಸಿಗುತ್ತದೆ, ಬೆನ್ನು ತುಸು ಹಿಂದಕ್ಕೆ ಒರಗುತ್ತದೆ, ತಲೆ ಕೆಳಗೂ ಹಿಂದಕ್ಕೂ ಹೋಗುತ್ತದೆ. ಕುಳಿತಾಗಿನ ಎತ್ತರ 95 ಸೆಂ.ಮೀ. ಇರುವವರು ನೇರಕ್ಕಿಂತ 15 ಡಿಗ್ರಿ ಒರಗಿದ್ದದ್ದನ್ನು 25 ಡಿಗ್ರಿಗೆ ತಂದರೆ ನೆತ್ತಿ ಐದು ಸೆಂ.ಮೀ.ಗಿಂತ ಹೆಚ್ಚು ಕೆಳಗಿಳಿಯುತ್ತದೆ. ಬೋಲ್ಟುಗಳನ್ನು ಹೊಸ ದಪ್ಪಕ್ಕೆ ತಕ್ಕಂತೆ ಗಿಡ್ಡ ಮಾಡಬೇಕು, ಹಳಿ ತಗಡಿಗೆ ಉಜ್ಜದೆ ಸರಿಯುತ್ತದೆಯೇ ಎಂದು ನೋಡಬೇಕು. ಇಷ್ಟಾದರೂ ಹಿಂದೆ ಜಾಗ ಸಾಲದಿದ್ದರೆ, ಮತ್ತು ಸೀಟಿನ ಬೆನ್ನ ಹಿಂದೆ ಇನ್ನೂ ತೆರವು ಉಳಿದಿದ್ದರೆ, ಆರು ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯಲ್ಲಿ ಎರಡು ಜೊತೆ ತೂತು ಹಾಕಿಸಿ, ಒಂದು ಜೊತೆಯನ್ನು ಕಾರಿನ ಮೂಲ ತೂತುಗಳಿಗೂ ಇನ್ನೊಂದನ್ನು ಹಿಂದೆ ಸರಿಸಿದ ಹಳಿಗೂ ಬಿಗಿಯಬಹುದು. ಯಾವ ವೆಲ್ಡಿಂಗ್ ಶಾಪಿನಲ್ಲಾದರೂ ಇದು ಆಗುವ ಕೆಲಸ.

ಇಲ್ಲಿ ನಾನು ಕೈಮುಗಿದು ಕೇಳಿಕೊಳ್ಳುವುದೊಂದಿದೆ. ಕಾರಿನ ತಳವನ್ನು ಕತ್ತರಿಸಬೇಡಿ. ಎಂಜಿಬಿ, ಮಿಜೆಟ್, ಸ್ಪ್ರೈಟ್‌ಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಸಿಲ್ ಮತ್ತು ಸೀಟಿನಡಿಯ ಅಡ್ಡತೊಲೆ ಸೇರಿಯೇ ಕಾರಿನ ಬೆನ್ನೆಲುಬು ಆಗಿರುತ್ತವೆ. ಮಾಡು ಇಲ್ಲದ ಕಾರಿನಲ್ಲಿ ಅಲ್ಲಿ ಕತ್ತರಿ ಆಡಿಸಿದರೆ ಮೈ ನಡುವೆ ಬಾಗಿ ಬಾಗಿಲು ಕೂರದಂತಾಗುತ್ತದೆ. ಕಾನೂನೂ ಇದೆ: 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ ಕಾರಿಗೆ ನಂಬರಿನಲ್ಲಿ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಬೇಕಿದ್ದರೆ ಅದರ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಬಿಚ್ಚಿ ಮತ್ತೆ ಮೊದಲಿನಂತೆ ಜೋಡಿಸಬಹುದಾದ ಬದಲಾವಣೆಗಳಷ್ಟೇ ಸಾಕು, ಬಿಚ್ಚಿದ ಮೂಲ ಭಾಗಗಳನ್ನೆಲ್ಲ ಎಣ್ಣೆ ಸವರಿ ಕಟ್ಟಿಡಿ.

ಸೀಟಿನ ನಂತರ ಸ್ಟೇರಿಂಗ್. ನನ್ನ ಕಾರಿಗೆ ಮೂಲದಲ್ಲಿದ್ದದ್ದು ಹದಿನಾರೂವರೆ ಇಂಚಿನ ಚಕ್ರ. ಅದರ ಬದಲು 14 ಇಂಚಿನದು ಹಾಕಿದಾಗ ಕೆಳ ಅಂಚು ಮೂರು ಸೆಂ.ಮೀ.ಗಿಂತ ತುಸು ಹೆಚ್ಚು ಮೇಲೇರಿ ತೊಡೆಗೆ ಜಾಗ ಬಿಟ್ಟಿತು. ಇದಕ್ಕೆ ತೆರಬೇಕಾದ ಬೆಲೆಯೆಂದರೆ ತಿರುಗಿಸಲು ಸುಮಾರು ಶೇಕಡಾ 18ರಷ್ಟು ಹೆಚ್ಚು ಬಲ ಬೇಕು. ಪವರ್ ಸ್ಟೇರಿಂಗ್ ಇಲ್ಲದ ಕಾರನ್ನು ಶಿರಸಿಯ ಪೇಟೆಯಲ್ಲಿ ನಿಲ್ಲಿಸುವಾಗ ಇದು ತೋಳಿಗೆ ಗೊತ್ತಾಗುತ್ತದೆ. ಹದಿಮೂರಕ್ಕಿಂತ ಚಿಕ್ಕದನ್ನು ನಾನು ಹೇಳಲಾರೆ, ಮೀಟರುಗಳೂ ಮರೆಯಾಗುತ್ತವೆ. ಸೀಟನ್ನು ಹಿಂದೆ ಸರಿಸಿದವರಿಗೆ ಕೈ ಎಟಕುವುದಿಲ್ಲ ಎಂಬ ಹೊಸ ತೊಂದರೆ ಬರುತ್ತದೆ. ಅವರು ಅಂಚು ತಮ್ಮ ಕಡೆಗೆ ಮುಂದೆ ಬಂದಿರುವ, ಬೋಗುಣಿಯಂತೆ ಒಳಗುಳಿಯಿರುವ ಚಕ್ರವನ್ನು ಆರಿಸಬೇಕು. ಬೆನ್ನು ಸೀಟಿಗೆ ಒರಗಿಸಿಯೇ ಕೈ ಚಾಚಿದಾಗ ಮಣಿಕಟ್ಟು ಚಕ್ರದ ನೆತ್ತಿಯ ಮೇಲೆ ಕೂರುವಂತಿದ್ದರೆ ದೂರ ಸರಿಯಿದೆ. ಹಾಗೆಯೇ ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು, ಬ್ರೇಕಿನಿಂದ ಕಾಲೆತ್ತುವಾಗ ಎಲ್ಲಿಯೂ ತಡೆಯಬಾರದು.

ಪೆಡಲುಗಳ ವಿಷಯದಲ್ಲಿ ಹಣ ಖರ್ಚು ಮಾಡುವ ಮೊದಲು ಶೂ ಬದಲಿಸಿ ನೋಡಿ. ಹನ್ನೊಂದನೇ ನಂಬರಿನ ದಪ್ಪ ಅಟ್ಟೆಯ ಶೂ ಹಾಕಿಕೊಂಡರೆ ಇಕ್ಕಟ್ಟಾದ ಕಾರಿನಲ್ಲಿ ಒಂದೇ ತುಳಿತಕ್ಕೆ ಬ್ರೇಕೂ ಆಕ್ಸಿಲರೇಟರೂ ಒತ್ತುತ್ತವೆ. ತೆಳು ಅಟ್ಟೆಯ, ಬದಿಯಲ್ಲಿ ಅಂಚು ಚಾಚಿರದ ಕ್ಯಾನ್ವಾಸ್ ಶೂ ಸಾಕು. ಚಪ್ಪಲಿ ಬೇಡವೇ ಬೇಡ, ಅದು ಪೆಡಲಿನಡಿ ಸಿಕ್ಕಿಬೀಳುತ್ತದೆ.

ಸುರಕ್ಷತೆಯ ಮಾತನ್ನು ಎತ್ತರದವರು ಉಳಿದವರಿಗಿಂತ ಹೆಚ್ಚು ಗಮನಿಸಬೇಕು. ಆ ಕಾಲದ ಸೀಟುಗಳ ಬೆನ್ನು ಭುಜದ ಮಟ್ಟಕ್ಕೇ ಮುಗಿಯುತ್ತದೆ, ಹಿಂದಿನಿಂದ ಯಾರಾದರೂ ಗುದ್ದಿದರೆ ಕುತ್ತಿಗೆಗೆ ಆಸರೆ ಇರುವುದಿಲ್ಲ. ಮಾಜ್ದಾ ಎಂಎಕ್ಸ್-5 ಕಾರಿನ ತಲೆಯಾಸರೆಯಿರುವ ಸೀಟುಗಳನ್ನು ಎಂಜಿಬಿಗೆ ಕೂರಿಸುವ ರೂಢಿ ಹೊರದೇಶಗಳಲ್ಲಿದೆ. ಸಿಕ್ಕಿದರೆ ಒಳ್ಳೆಯದು, ಆದರೆ ಅದರ ಎತ್ತರ ಅಳೆದ ಮೇಲೆ ಮಾತ್ರ. ಬೆಲ್ಟಿನ ಮೇಲಿನ ಹಿಡಿತ ಭುಜಕ್ಕಿಂತ ಬಹಳ ಕೆಳಗಿದ್ದರೆ ಅಪಘಾತದಲ್ಲಿ ಅದು ಬೆನ್ನುಹುರಿಯನ್ನು ಕೆಳಗೆ ಅದುಮುತ್ತದೆ, ಆದ್ದರಿಂದ ಸೀಟು ಇಳಿಸಿದ ಬಳಿಕ ಬೆಲ್ಟು ಭುಜದ ಮಟ್ಟದಿಂದ ಹಿಂದಕ್ಕೆ ಹೇಗೆ ಹೋಗುತ್ತದೆಂದು ಬದಿಯಿಂದ ಯಾರಾದರೂ ನೋಡಿ ಹೇಳಲಿ. ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು, ಅಂದರೆ ರೋಲ್ ಬಾರ್, ಇರುವ ಕಾರಾದರೆ ಅದರ ತುದಿಯಿಂದ ಮುಂಗಾಜಿನ ಚೌಕಟ್ಟಿಗೆ ನೇರವಾದ ಕೋಲಿಟ್ಟು, ತಲೆ ಆ ಕೋಲಿನ ಕೆಳಗೇ ಉಳಿಯುತ್ತದೆಯೇ ಎಂದು ಪರೀಕ್ಷಿಸಬೇಕು.

ಹತ್ತುವಾಗ ಎಡಗಾಲನ್ನು ಮೊದಲು ಸ್ಟೇರಿಂಗಿನಡಿ ತೂರಿಸಿ, ಸೊಂಟವನ್ನು ಸೀಟಿಗಿಳಿಸಿ, ಕೊನೆಗೆ ಬಲಗಾಲನ್ನು ಮಡಚಿ ಎಳೆದುಕೊಳ್ಳಿ; ಮುಂಗಾಜಿನ ಚೌಕಟ್ಟನ್ನು ಹಿಡಿದು ಜೋತುಬೀಳಬಾರದು, ಅದು ಮನುಷ್ಯನ ಭಾರ ಹೊರಲು ಮಾಡಿದ್ದಲ್ಲ. ಎಲ್ಲ ಹೊಂದಿಸಿದ ಮೇಲೆ ನಿಜವಾದ ಪರೀಕ್ಷೆಗೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬನ್ನಿ. ಆ ತಿರುವುಗಳಲ್ಲಿ ಕ್ಲಚ್ಚು, ಗೇರು, ಸ್ಟೇರಿಂಗು ಒಟ್ಟಿಗೆ ಕೆಲಸ ಮಾಡುವಾಗ ಮೊಣಕಾಲು ಎಲ್ಲಿ ತಡೆಯುತ್ತದೆ ಎಂಬುದು ಮನೆಯಂಗಳದಲ್ಲಿ ತಿಳಿಯದ ಸಂಗತಿ. ತೊಡೆಯ ಕೆಳಗೆ ಜೋಮು ಹಿಡಿದರೆ ಸೀಟಿನ ಮುಂಭಾಗ ಹೆಚ್ಚು ಎತ್ತರವಾಗಿದೆ ಎಂದರ್ಥ, ಸೊಂಟ ನೋಯುತ್ತಿದ್ದರೆ ಟವೆಲೊಂದನ್ನು ಸುರುಳಿ ಸುತ್ತಿ ಬೆನ್ನಿನ ಗುಳಿಗೆ ಕೊಟ್ಟು ನೋಡಿ. ಅದರಿಂದ ಆರಾಮವೆನಿಸಿದರೆ ಅಷ್ಟೇ ದಪ್ಪದ ಫೋಮನ್ನು ಸೀಟಿನ ಬೆನ್ನಿನೊಳಗೆ ಸೇರಿಸಿ ಹೊಲಿಸಬಹುದು. ಮಳೆಗಾಲ ಮುಗಿದ ಕೂಡಲೇ, ನವರಾತ್ರಿಯ ಆಯುಧಪೂಜೆಗೆ ಕಾರು ತೊಳೆಯುವ ಹೊತ್ತಿಗೆ, ಸೀಟನ್ನು ಮತ್ತೊಮ್ಮೆ ಹೊರತೆಗೆದು ಹಳಿ ಒರೆಸಿ ಹೊಸ ಗ್ರೀಸ್ ಹಚ್ಚಿ, ನಾಲ್ಕೂ ಬೋಲ್ಟುಗಳನ್ನು ಬಿಗಿದಿಡಿ.