ಮನೆಯಲ್ಲೇ ಕುಳಿತು ಚಿತ್ರ ಬರೆಯುವವಳ ದಿನಚರಿ: ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಪಡಸಾಲೆಯೇ ನನ್ನ ಕೆಲಸದ ಕೋಣೆ. ಉತ್ತರದ ಕಿಟಕಿಯ ಕೆಳಗೆ ಓರೆ ಹಲಗೆಯ ಮೇಜು, ಬಲಕ್ಕೆ ನೀರಿನ ಎರಡು ಡಬ್ಬಿ, ಎಡಕ್ಕೆ ಬಣ್ಣದ ತಟ್ಟೆ, ಮೇಜಿನ ಕೆಳಗೆ ಮಡಚಿ ಹಾಸಿದ ಕೌದಿಯ ಮೇಲೆ ಗೌರಿ. ಗೌರಿ ಮುಧೋಳ ತಳಿಯ ಹೆಣ್ಣು ನಾಯಿ. ಮಕ್ಕಳ ಪುಸ್ತಕಗಳಿಗೆ ಜಲವರ್ಣದಲ್ಲಿ ಚಿತ್ರ ಬರೆದುಕೊಡುವುದು ನನ್ನ ಮುಖ್ಯ ಕೆಲಸ. ಮದುವೆಯ ಹಂಗಾಮಿನಲ್ಲಿ ಲಗ್ನಪತ್ರಿಕೆಗಳಿಗೂ ಬರೆಯುತ್ತೇನೆ. ಹತ್ತು ವರ್ಷಗಳಿಂದ ಮನೆ ನಡೆಯುತ್ತಿರುವುದು ಈ ಒಂದೇ ದುಡಿಮೆಯಿಂದ.

ಈ ಏರ್ಪಾಡು ಮೊದಲಿನಿಂದ ಇದ್ದದ್ದಲ್ಲ. ಬೆಂಗಳೂರಿನ ಜಾಹೀರಾತು ಕಂಪನಿಯೊಂದರಲ್ಲಿ ಒಂಬತ್ತು ವರ್ಷ ದುಡಿದು, ತಂದೆಯವರ ಆರೈಕೆಗೆಂದು ಊರಿಗೆ ಮರಳಿ, ಸ್ವಂತವಾಗಿ ಚಿತ್ರ ಬರೆಯಲು ಕುಳಿತ ಮೊದಲ ಎರಡು ವರ್ಷ ನನ್ನ ದಿನಕ್ಕೆ ಆದಿ ಅಂತ್ಯಗಳೇ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಎದ್ದರೆ ರಾತ್ರಿ ಒಂದರವರೆಗೂ ಮೇಜಿನ ಮುಂದೆಯೇ ಇರುತ್ತಿದ್ದೆ. ನೆನಪಾದಾಗ ಊಟ, ಫೋನು ಬಂದಾಗ ಮಾತು, ರವಿವಾರವೂ ಅದೇ. ನೌಕರಿಯಲ್ಲಾದರೆ ಸಂಜೆ ಕಚೇರಿಯ ಬಾಗಿಲು ಹಾಕುವವರೊಬ್ಬರು ಇರುತ್ತಾರೆ, ಎದ್ದು ಹೋಗಲೇಬೇಕಾಗುತ್ತದೆ. ಮನೆಯಲ್ಲಿ ಆ ಬಾಗಿಲನ್ನು ಹಾಕುವವರು ಯಾರೂ ಇರಲಿಲ್ಲ. ಕೊನೆಗೆ ಬಲಗೈ ಹೆಬ್ಬೆರಳಿನ ಬುಡ ಬಾತು ಕುಂಚ ಹಿಡಿಯಲಾಗದೆ ಹೋಯಿತು. ವೈದ್ಯರು ಮೂರು ವಾರ ಕೈಗೆ ವಿಶ್ರಾಂತಿ ಕೊಡಲೇಬೇಕೆಂದರು.

ಗೌರಿ ಬಂದದ್ದು ಆ ಮೂರು ವಾರಗಳಲ್ಲಿ. ಮುಧೋಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪರಿಚಯದ ರೈತರ ಮನೆಯ ನಾಯಿ ಮರಿ ಹಾಕಿತ್ತು. ಕೆಲಸವಿಲ್ಲದೆ ಮಂಕಾಗಿ ಕುಳಿತಿದ್ದ ನನ್ನನ್ನು ಗೆಳತಿಯೊಬ್ಬಳು ನೋಡಿ ಬರೋಣ ಬಾ ಎಂದು ಕರೆದೊಯ್ದಳು. ಆ ಮನೆಯ ಅಜ್ಜ ಮರಿಯೊಂದನ್ನು ನನ್ನ ಉಡಿಗೆ ಹಾಕಿ, "ಯವ್ವಾ, ಇದು ಕಟ್ಟಿಹಾಕಿ ಸಾಕೂ ನಾಯಿ ಅಲ್ಲ. ಹೊತ್ತಿಗೆ ಸರಿಯಾಗಿ ಓಡಸಾಕ ಬೇಕು. ಆಗೂದಿಲ್ಲಂದ್ರ ಈಗ ಹೇಳಿಬಿಡು" ಎಂದರು. ಆಗುತ್ತದೆ ಎಂದು ಮಾತು ಕೊಟ್ಟೆ. ನನ್ನ ದಿನಕ್ಕೆ ಕಟ್ಟುಪಾಡು ಬಂದದ್ದು ಆ ಮಾತಿನಿಂದ.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಅಕ್ಕರೆಯಿಂದ ಬೆಳೆಸಿದ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದಿತು. ಅದರ ಒಂದು ಪ್ರತಿ ನನ್ನ ಮೇಜಿನ ಎದುರಿನ ಗೋಡೆಯ ಮೇಲಿದೆ. ವಾಸನೆ ಹಿಡಿದು ಹೋಗುವುದಕ್ಕಿಂತ ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವುದು ಈ ನಾಯಿಗಳ ಗುಣ. ದೂರದಲ್ಲಿ ಕುರಿಹಿಂಡು ಅಲುಗಾಡಿದರೂ ಸಾಕು, ಕರೆದರೆ ಕೇಳಿಸಿಕೊಳ್ಳದಂತೆ ಓಡುತ್ತವೆ. ಆದ್ದರಿಂದ ಉದ್ದನೆಯ ಹಗ್ಗ ಬಿಟ್ಟು ನಾನು ಗೌರಿಯನ್ನು ಎಂದೂ ಹೊರಗೆ ಒಯ್ದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗ ಹೋದುದರಿಂದ ಕಟ್ಟಿದ ಊರು ನವನಗರ. ಸೆಕ್ಟರುಗಳಾಗಿ ವಿಂಗಡಿಸಿದ ಅಗಲವಾದ ರಸ್ತೆಗಳಿವೆ, ಇನ್ನೂ ಮನೆ ಏಳದ ಖಾಲಿ ಜಾಗಗಳಿವೆ. ಬೆಳಿಗ್ಗೆ ಐದೂವರೆಗೆ ಅಲ್ಲಿ ಮುಕ್ಕಾಲು ಗಂಟೆ ಅವಳ ಓಟ, ಅವಳ ಹಿಂದೆ ನನ್ನ ನಡಿಗೆ. ಓಡಿ ದಣಿದು ಬಂದರೆ ಮುಂದೆ ಮಧ್ಯಾಹ್ನದವರೆಗೂ ಸದ್ದಿಲ್ಲದೆ ಮಲಗುತ್ತಾಳೆ. ಮನೆಯಲ್ಲೇ ಕೆಲಸ ಮಾಡುವವರಿಗೆ ಬೇಟೆಯ ನಾಯಿ ಸರಿಹೋಗುವುದಿಲ್ಲ ಎಂದು ಹಲವರು ಹೇಳಿದ್ದರು. ಬೆಳಗಿನ ಓಟ ತಪ್ಪದಿದ್ದರೆ ಇದಕ್ಕಿಂತ ಶಾಂತವಾದ ಜೊತೆ ಇನ್ನೊಂದಿಲ್ಲ ಎಂಬುದು ನನ್ನ ಅನುಭವ.

ಈ ಬೆಳಗಿನ ಶಿಸ್ತು ನನ್ನ ಬಣ್ಣಕ್ಕೂ ಒದಗಿಬಂತು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಜಲವರ್ಣದಲ್ಲಿ ಆಕಾಶದಂಥ ಅಗಲವಾದ ಭಾಗಕ್ಕೆ ಒಂದೇ ಸಮನೆ ತೆಳುವಾಗಿ ಬಣ್ಣ ಎಳೆಯುವಾಗ ಹಿಂದಿನ ಎಳೆಯ ಅಂಚು ಒದ್ದೆ ಇರುವಾಗಲೇ ಮುಂದಿನ ಎಳೆ ಬಂದು ಕೂಡಬೇಕು. ಇಲ್ಲವಾದರೆ ನಡುವೆ ಗೆರೆ ನಿಲ್ಲುತ್ತದೆ, ಆ ಗೆರೆಯನ್ನು ಮತ್ತೆ ತೆಗೆಯಲು ಬರುವುದಿಲ್ಲ. ಹಿಂದೆಲ್ಲ ಮಧ್ಯಾಹ್ನದ ಬಿಸಿಗಾಳಿಯಲ್ಲಿ, ಫ್ಯಾನಿನ ಕೆಳಗೆ ಇದನ್ನು ಮಾಡಲು ಹೋಗಿ ಹಾಳೆಗಳ ಮೇಲೆ ಹಾಳೆಗಳನ್ನು ಹಾಳು ಮಾಡಿದ್ದೇನೆ. ಈಗ ಏಳರಿಂದ ಹತ್ತೂವರೆಯವರೆಗೆ ಅಗಲವಾದ ಬಣ್ಣದ ಕೆಲಸ ಮಾತ್ರ, ಅದೂ ಫ್ಯಾನು ನಿಲ್ಲಿಸಿ. ಬೇಸಗೆಯಲ್ಲಿ 300 ಜಿಎಸ್‌ಎಮ್ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿಯ ಕಾಗದವನ್ನು ಹಿಂಬದಿಯಿಂದಲೂ ಸ್ಪಂಜಿನಿಂದ ಒದ್ದೆ ಮಾಡಿ ಹಲಗೆಗೆ ಅಂಟಿಸಿಕೊಳ್ಳುತ್ತೇನೆ. ಕಾಗದದ ಒಳಗೆ ಕುಳಿತ ಆ ನೀರು ಹತ್ತು ಹನ್ನೆರಡು ನಿಮಿಷವಾದರೂ ಹೆಚ್ಚಿಗೆ ಸಮಯ ಕೊಡುತ್ತದೆ. ಊಟವಾದ ಮೇಲೆ ಪೆನ್ಸಿಲ್ಲಿನ ಕರಡುಗಳು, ಪ್ರಕಾಶಕರೊಂದಿಗೆ ಫೋನು, ಲೆಕ್ಕ. ಕರೆಂಟು ಹೋದರೂ ಈ ಕೆಲಸಗಳಿಗೆ ಅಡ್ಡಿಯಿಲ್ಲ. ಸಂಜೆ ಐದೂವರೆಗೆ ಗೌರಿ ಎದ್ದು, ಮೈಮುರಿದು, ತನ್ನ ಉದ್ದನೆಯ ಮೂತಿಯನ್ನು ತಂದು ನನ್ನ ಮೊಣಕಾಲ ಮೇಲೆ ಇಡುತ್ತಾಳೆ. ಯಾವ ಚಿತ್ರ ಎಷ್ಟಕ್ಕೆ ಬಂದಿದ್ದರೂ ಅಲ್ಲಿಗೆ ಕುಂಚ ತೊಳೆಯುತ್ತೇನೆ. ಮೊದಮೊದಲು ಇದು ಕಷ್ಟವಾಯಿತು. ಆದರೆ ಅರ್ಧಕ್ಕೆ ಬಿಟ್ಟ ಚಿತ್ರದ ತಪ್ಪು ಮರುದಿನ ಬೆಳಿಗ್ಗೆ ಒಂದೇ ನೋಟಕ್ಕೆ ಕಾಣುತ್ತದೆ ಎಂಬುದು ಗೊತ್ತಾದ ಮೇಲೆ ನಾನೇ ಆ ಹೊತ್ತಿಗೆ ಕಾಯತೊಡಗಿದೆ.

ಬೆಕ್ಕು ಚಿಂಟಿಯನ್ನು ನಾವು ತಂದದ್ದಲ್ಲ. ಒಂದು ಮಳೆಗಾಲದಲ್ಲಿ ಕಂಪೌಂಡು ಹಾರಿ ಬಂದವಳು ಇಲ್ಲೇ ಉಳಿದಳು. ಗೌರಿಗೆ ಅವಳನ್ನು ರೂಢಿ ಮಾಡಿಸಲು ಒಂದೂವರೆ ತಿಂಗಳು ಹಿಡಿಯಿತು. ಬಾಗಿಲಿನ ಅಡ್ಡ ಜಾಳಿಗೆ ಇಟ್ಟು, ಇಬ್ಬರಿಗೂ ಅದರ ಆಚೆ ಈಚೆ ಊಟ ಹಾಕಿ, ಒಬ್ಬರ ಹಾಸಿಗೆಯನ್ನು ಇನ್ನೊಬ್ಬರ ಮೂಲೆಯಲ್ಲಿಟ್ಟು, ಮೆಲ್ಲಗೆ ಮಾಡಿದೆ. ಅಟ್ಟಿ ಓಡುವ ನಾಯಿಯ ಎದುರು ಇದರಲ್ಲಿ ಅವಸರ ಸಲ್ಲದು.

ಚಿಂಟಿಯಿಂದ ನಾನು ಕಲಿತ ಪಾಠ ಭಯದಿಂದ ಬಂದದ್ದು. ಬಾದಾಮಿಯ ಅಗಸ್ತ್ಯ ತೀರ್ಥದ ಎರಡು ಪುಟದ ಚಿತ್ರ ಒಣಗಲೆಂದು ಬಿಟ್ಟು ಅಡಿಗೆಮನೆಗೆ ಹೋಗಿದ್ದೆ. ಬಂದು ನೋಡಿದರೆ ಹೊಂಡದ ಒದ್ದೆ ನೀಲಿಯ ಮೇಲಿಂದ ಹಾಳೆಯ ಅಂಚಿನವರೆಗೆ ನಾಲ್ಕು ಹೆಜ್ಜೆ, ಅಲ್ಲಿ ಕುಳಿತು ಅವಳು ಮುಂಗಾಲು ನೆಕ್ಕಿಕೊಳ್ಳುತ್ತಿದ್ದಳು. ತಟ್ಟೆಯಲ್ಲಿದ್ದದ್ದು ಕೋಬಾಲ್ಟ್ ನೀಲಿ. ಪಶುವೈದ್ಯರಿಗೆ ಫೋನು ಮಾಡಿದಾಗ, ಮೊದಲು ಕಾಲು ಪೂರ್ತಿ ತೊಳೆಯಿರಿ, ಇನ್ನು ನೆಕ್ಕಲು ಬಿಡಬೇಡಿ, ವಾಂತಿ ಆಗುತ್ತದೆಯೇ ಎಂದು ನೋಡುತ್ತಿರಿ ಎಂದರು. ಅವಳಿಗೆ ಏನೂ ಆಗಲಿಲ್ಲ, ಚಿತ್ರವನ್ನು ಮಾತ್ರ ಮೊದಲಿನಿಂದ ಬರೆಯಬೇಕಾಯಿತು. ಆ ರಾತ್ರಿ ಕುಳಿತು ನನ್ನಲ್ಲಿದ್ದ ಪ್ರತಿಯೊಂದು ಟ್ಯೂಬಿನ ಮೇಲಿನ ಬರಹ ಓದಿದೆ. ಕ್ಯಾಡ್ಮಿಯಂ ಹಳದಿ, ಕ್ಯಾಡ್ಮಿಯಂ ಕೆಂಪು, ಕೋಬಾಲ್ಟ್ ನೀಲಿ ಇವೆಲ್ಲ ಲೋಹಗಳಿಂದ ಮಾಡಿದ ಬಣ್ಣಗಳು. ನಮಗೆ ಕೈ ತೊಳೆದರೆ ಮುಗಿಯಿತು, ಮೈಯನ್ನೆಲ್ಲ ನಾಲಗೆಯಿಂದಲೇ ಶುಚಿ ಮಾಡಿಕೊಳ್ಳುವ ಬೆಕ್ಕಿಗೆ ಹಾಗಲ್ಲ. ಅವನ್ನು ಬೀಗದ ಕಪಾಟಿಗೆ ಸೇರಿಸಿ, ಆ ಲೋಹಗಳಿಲ್ಲದ ಬಣ್ಣಗಳಿಗೆ ಬದಲಾದೆ. ಆಗೊಮ್ಮೆ ಈಗೊಮ್ಮೆ ಮಾಡುತ್ತಿದ್ದ ಎಣ್ಣೆಬಣ್ಣವನ್ನೂ ಟರ್ಪೆಂಟೈನನ್ನೂ ಮನೆಯಿಂದಲೇ ಹೊರಗೆ ಹಾಕಿದೆ. ಕುಂಚ ತೊಳೆಯುವ ನೀರಿನ ಡಬ್ಬಿಗಳಿಗೆ ಈಗ ಮುಚ್ಚಳವಿದೆ. ಪ್ರಾಣಿಗಳಿಗೆ ಕುಡಿಯುವ ನೀರು ಅದೇ ಕೋಣೆಯಲ್ಲಿ ಬೇರೆ ಬೋಗುಣಿಯಲ್ಲಿ ಇರುತ್ತದೆ. ಒದ್ದೆ ಬಣ್ಣದ ಮೇಲೆ ಗೌರಿಯ ಕೂದಲು ಬಿದ್ದರೆ ಕೂಡಲೇ ತೆಗೆಯಲು ಹೋಗಬಾರದು, ಕಲೆಯಾಗುತ್ತದೆ. ಒಣಗಿದ ಮೇಲೆ ಒಣ ಕುಂಚದಿಂದ ತಳ್ಳಿದರೆ ತಾನಾಗಿ ಉದುರುತ್ತದೆ.

ಗೆಳೆಯರ ವಿಷಯಕ್ಕೆ ಬರುತ್ತೇನೆ. ಒಬ್ಬಂಟಿಯಾಗಿ ಕೆಲಸ ಮಾಡುವವರಿಗೆ ತಮ್ಮ ತಪ್ಪು ತಮಗೆ ಕಾಣದಿರುವುದು ದೊಡ್ಡ ತೊಂದರೆ. ಪ್ರತಿ ಗುರುವಾರ ಸಂಜೆ ಮೂವರು ಗೆಳೆಯರು ನಮ್ಮ ಮನೆಗೆ ಬರುತ್ತಾರೆ: ಶಾಲೆಯಲ್ಲಿ ಕಲಿಸುವ ಇಳಕಲ್ಲಿನ ಗೆಳತಿ, ಮದುವೆಗಳ ಫೋಟೋ ತೆಗೆಯುವ ಗೆಳೆಯ, ವಕೀಲಿ ಓದಿ ಈಗ ಊರಿನಲ್ಲೇ ಕಚೇರಿ ಮಾಡಿಕೊಂಡಿರುವ ಇನ್ನೊಬ್ಬ ಗೆಳತಿ. ಗಿರಮಿಟ್ಟು, ಮಿರ್ಚಿ, ಚಹಾ ಆದ ಮೇಲೆ ವಾರದ ಚಿತ್ರಗಳನ್ನು ನೆಲದ ಮೇಲೆ ಹರಡುತ್ತೇನೆ. ನಾನು ಏನನ್ನು ಬರೆಯಲು ಹೊರಟಿದ್ದೆ ಎಂದು ಮೊದಲು ಹೇಳುವುದಿಲ್ಲ; ಅವರಿಗೆ ಏನು ಕಾಣುತ್ತದೆ ಎಂದು ಮೊದಲು ಅವರೇ ಹೇಳಬೇಕು.

ಒಂದು ಗುರುವಾರ ಅಜ್ಜಿಯೊಬ್ಬಳು ಇಳಕಲ್ ಸೀರೆ ಉಟ್ಟು ಮೊಮ್ಮಗಳಿಗೆ ಕಥೆ ಹೇಳುವ ಚಿತ್ರವಿತ್ತು. ನಾನು ಸೀರೆಯ ಒಡಲಿನ ಬಣ್ಣ ನಿಧಾನವಾಗಿ ಸೆರಗಿನ ಕೆಂಪಿಗೆ ತಿರುಗುವಂತೆ ಬರೆದಿದ್ದೆ, ಬಣ್ಣಗಾರಿಕೆಯ ದೃಷ್ಟಿಯಿಂದ ಅದು ನನಗೆ ಬಹಳ ಮೆಚ್ಚಿಗೆಯಾಗಿತ್ತು. ಇಳಕಲ್ಲಿನ ಗೆಳತಿ ನೋಡಿ, "ಇದು ನಮ್ಮ ಸೀರಿ ಅಲ್ಲ ಬಿಡವಾ" ಎಂದಳು. ಮುಂದಿನ ವಾರ ತನ್ನ ತಾಯಿಯ ಹಳೆಯ ಸೀರೆ ತಂದು ನೆಲದ ಮೇಲೆ ಬಿಡಿಸಿ, ಒಡಲು ಮತ್ತು ಸೆರಗು ಕೂಡುವಲ್ಲಿ ನನ್ನ ಬೆರಳು ಹಿಡಿದು ಆಡಿಸಿದಳು. ಬೆರಳಿಗೆ ಸಣ್ಣಗೆ ಒರಟು ತಗುಲಿತು. ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ, ಆದ್ದರಿಂದ ನೇಕಾರರು ಪ್ರತಿ ಸೀರೆಗೂ ಬೇರೆಯದೇ ಹಾಸು ಹೂಡಬೇಕಾಗುತ್ತದೆ. ಒಂದು ಬಣ್ಣ ಇನ್ನೊಂದಕ್ಕೆ ಮೆಲ್ಲಗೆ ತಿರುಗುವ ಮಾತೇ ಅಲ್ಲಿಲ್ಲ, ಒಡಲು ನಿಂತಲ್ಲಿಯೇ ಸೆರಗು ಶುರುವಾಗುತ್ತದೆ. ಕೆಂಪು ಪಟ್ಟಿಗಳ ನಡುವೆ ಬಿಳಿಯ ಪಟ್ಟಿ, ಆ ಕೆಂಪು ಬಿಳಿಗಳು ಸೇರುವಲ್ಲಿ ಹಣಿಗೆಯ ಹಲ್ಲಿನಂತೆ, ಕೋಟೆಯ ತೆನೆಯಂತೆ ಏಳುವ ಆಕಾರಗಳು. ಮೂವತ್ತೆಂಟು ವರ್ಷ ಇದೇ ಸೀರೆಗಳ ನಡುವೆ ಬೆಳೆದವಳು ನಾನು, ಅದನ್ನು ಕಣ್ಣಿಟ್ಟು ನೋಡಿರಲಿಲ್ಲ. ಅಂದಿನಿಂದ ಬಟ್ಟೆಯನ್ನು ಬರೆಯುವ ಮೊದಲು ಅದನ್ನು ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಂಡೆ.

ವಕೀಲ ಗೆಳತಿಯ ಉಪಕಾರ ಬೇರೆ ಬಗೆಯದು. ಮೊದಲ ವರ್ಷಗಳಲ್ಲಿ ಪ್ರಕಾಶಕರೊಬ್ಬರಿಗೆ ಬಾಯಿಮಾತಿನ ಮೇಲೆ ಹನ್ನೆರಡು ಚಿತ್ರ ಬರೆದುಕೊಟ್ಟಿದ್ದೆ. ಒಂದು ಪುಸ್ತಕಕ್ಕೆಂದು ಕೊಟ್ಟ ಅವು ಮರುವರ್ಷ ಕ್ಯಾಲೆಂಡರಿನಲ್ಲಿ ಬಂದವು, ನನಗೆ ಹೇಳಿರಲೂ ಇಲ್ಲ, ಹಣವನ್ನೂ ಕೊಡಲಿಲ್ಲ. ಬಹಳ ನೊಂದುಕೊಂಡೆ. ಗೆಳತಿ 1957ರ ಕೃತಿಸ್ವಾಮ್ಯ ಕಾಯ್ದೆ ತೆಗೆದು 17ನೆಯ ಕಲಮನ್ನು ಓದಿಸಿದಳು: ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರದ ಮೊದಲ ಹಕ್ಕು, ಬೇರೆ ರೀತಿಯ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೆ ಸೇರುತ್ತದೆ. ಚಿತ್ರ ಬರೆಯುವವರೆಲ್ಲ ಇದನ್ನು ತಿಳಿದಿರಬೇಕೆಂದು ನನಗೆ ಅನಿಸುತ್ತದೆ, ಏಕೆಂದರೆ ಬರೆದವರದೇ ಹಕ್ಕು ಎಂಬ ನಂಬಿಕೆಯಲ್ಲಿ ನಾವು ಸುಮ್ಮನಿರುತ್ತೇವೆ. ಈಗ ಕೆಲಸ ಶುರುವಾಗುವ ಮೊದಲೇ ಕನ್ನಡದಲ್ಲಿ ಒಂದು ಪುಟದ ಒಪ್ಪಂದಕ್ಕೆ ಇಬ್ಬರ ಸಹಿಯೂ ಬೀಳುತ್ತದೆ. ಹಕ್ಕು ನನ್ನದು, ಇಂಥ ಪುಸ್ತಕಕ್ಕೆ, ಇಷ್ಟು ವರ್ಷ, ಇಷ್ಟು ಪ್ರತಿಗಳಿಗೆ ಬಳಸಲು ಒಪ್ಪಿಗೆ ಎಂದು ಅದರಲ್ಲಿ ಬಿಡಿಸಿ ಬರೆದಿರುತ್ತದೆ. ಅವಧಿ ಬರೆಯದೆ ಬಿಟ್ಟರೆ ಕಾಯ್ದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ. ಅರ್ಧ ಹಣ ಮುಂಗಡ, ಉಳಿದದ್ದು ಚಿತ್ರ ಕೈಗೆ ಸೇರಿದ 45 ದಿನಗಳೊಳಗೆ. ಸಣ್ಣ ಉದ್ದಿಮೆಗಳಿಗೆಂದು ಸರಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಯನ್ನೂ ಅವಳೇ ಮಾಡಿಸಿದಳು, ಅದಕ್ಕೆ ಶುಲ್ಕವಿಲ್ಲ. ನೋಂದಾಯಿತ ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು 45 ದಿನ ಮೀರಿ ಉಳಿಸಿಕೊಂಡರೆ ಬಡ್ಡಿ ಕೊಡಬೇಕೆಂದು ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಹೇಳುತ್ತದೆ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಬರೆಯತೊಡಗಿದ ಮೇಲೆ ಹಣ ಕೇಳಲು ಫೋನು ಮಾಡುವುದು ಬಹಳ ಕಡಿಮೆಯಾಗಿದೆ.

ತಿಂಗಳಿಗೊಂದು ರವಿವಾರ ಎಲ್ಲರೂ ಸೇರಿ ರೈಲಿನಲ್ಲಿ ಬಾದಾಮಿಗೆ ಹೋಗುತ್ತೇವೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಎದುರು ಕುಳಿತು ನಾನು ಬಂಡೆಯ ಕೆಂಪನ್ನು ಬರೆಯುತ್ತೇನೆ. ಕೋತಿಗಳು ಬಣ್ಣದ ಪೆಟ್ಟಿಗೆಯನ್ನು ತಿಂಡಿಯ ಡಬ್ಬಿ ಎಂದು ಎಳೆದೊಯ್ಯುತ್ತವಾದ್ದರಿಂದ ಒಬ್ಬರು ಕಾವಲಿಗೆ ಇರಲೇಬೇಕು. ಬೆಳಿಗ್ಗೆ ಕಾವಿಯಂತಿರುವ ಆ ಕಲ್ಲು ಸಂಜೆಗೆ ಇಟ್ಟಂಗಿಯ ಬಣ್ಣಕ್ಕೆ ಬರುತ್ತದೆ. ನೆರಳಿನಲ್ಲಿ ಅದಕ್ಕೆ ಕಪ್ಪು ಬೆರೆಸಿದರೆ ಸತ್ತಂತೆ ಕಾಣುತ್ತದೆ, ತುಸು ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಜೀವ ಉಳಿಯುತ್ತದೆ. ಮುದ್ರಣ ನೋಡಲು ನಾನು ಬೆಂಗಳೂರಿಗೆ ಹೋದಾಗ ಫೋಟೋ ತೆಗೆಯುವ ಗೆಳೆಯ ನಮ್ಮ ಮನೆಯಲ್ಲೇ ಉಳಿದು ಗೌರಿಯನ್ನು ಓಡಿಸುತ್ತಾನೆ, ಅವನ ಆಲ್ಬಮ್ಮುಗಳ ಮೇಲ್ಪುಟವನ್ನು ನಾನು ಬರೆದುಕೊಡುತ್ತೇನೆ.

ಗೌರಿಗೆ ಈಗ ಎಂಟು ವರ್ಷ. ಓಟ ಇಪ್ಪತ್ತೈದು ನಿಮಿಷಕ್ಕೆ ಇಳಿದಿದೆ, ಉಳಿದ ಹೊತ್ತು ನಡಿಗೆ. ಮೈಯಲ್ಲಿ ಕೊಬ್ಬಿಲ್ಲದ, ಎಲುಬು ಕಾಣುವ ತಳಿಯಾದ್ದರಿಂದ ಬರಿ ನೆಲದ ಮೇಲೆ ಮಲಗಿ ಮುಂಗಾಲಿನ ಮೊಣಕೈಗಳು ಜಡ್ಡುಗಟ್ಟಿದ್ದವು. ಇಳಕಲ್ಲಿನ ಗೆಳತಿ ಇದನ್ನು ಮನೆಯಲ್ಲಿ ಹೇಳಿದಳೆಂದು ಕಾಣುತ್ತದೆ. ಹೋದ ದೀಪಾವಳಿಗೆ ಅವಳ ತಾಯಿ ಹಳೆಯ ಸೀರೆಗಳನ್ನು ಎಂಟು ಪದರ ಸೇರಿಸಿ ಕೌದಿ ಹೊಲಿದು ಕಳಿಸಿದರು. ಮೇಲಿನ ಪದರದ ಒಂದು ಮೂಲೆಯಲ್ಲಿ ನಾನು ಬೆರಳಾಡಿಸಿ ನೋಡಿದ್ದ ಅದೇ ಸೆರಗು ಇದೆ. ಗೌರಿ ಮೂರು ಸುತ್ತು ಸುತ್ತಿ, ಆ ಮೂಲೆಯ ಮೇಲೆ ಮೂತಿ ಇಟ್ಟು ಮಲಗುತ್ತಾಳೆ, ಐದೂವರೆಗೆ ಏಳುತ್ತಾಳೆ.