ಇಂದಿನ ಬೆಲೆಯನ್ನು ಸೋಲಿಸಲಾಗದ ನನ್ನ ಮಾದರಿ

2021ರಲ್ಲಿ ಧಾರವಾಡದಲ್ಲಿ ಹಣಕಾಸು ವಿಷಯದ ಸ್ನಾತಕೋತ್ತರ ಪದವಿಗೆ ಸೇರಿದಾಗ, ಅಂಕಿಅಂಶಗಳನ್ನು ಸರಿಯಾಗಿ ಜೋಡಿಸಿದರೆ ಷೇರುಪೇಟೆಯ ನಾಳೆಯ ಮಟ್ಟವನ್ನು ಇಂದೇ ಹೇಳಬಹುದೆಂದು ನಾನು ಗಟ್ಟಿಯಾಗಿ ನಂಬಿದ್ದೆ. ನಾಲ್ಕನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಐವತ್ತು ದೊಡ್ಡ ಕಂಪನಿಗಳ ಷೇರುಬೆಲೆಯನ್ನು ಒಟ್ಟಾಗಿ ಅಳೆಯುವ ನಿಫ್ಟಿ 50 ಸೂಚ್ಯಂಕದ ಮುನ್ಸೂಚನೆಯನ್ನೇ ಆರಿಸಿಕೊಂಡೆ. 2006ರಿಂದ 2022ರವರೆಗಿನ ಪ್ರತಿದಿನದ ಮುಕ್ತಾಯದ ಬೆಲೆಗಳನ್ನು ಕಲೆಹಾಕಿ, 2017ರವರೆಗಿನ ಭಾಗದ ಮೇಲೆ ಹಿಂದಿನ ಬೆಲೆಗಳಿಂದಲೇ ಮುಂದಿನದನ್ನು ಲೆಕ್ಕಹಾಕುವ ಅರಿಮಾ ಎಂಬ ಮಾದರಿಯನ್ನು ಕಟ್ಟಿ, ಉಳಿದ ಐದು ವರ್ಷಗಳನ್ನು ಪರೀಕ್ಷೆಗೆಂದು ಮುಟ್ಟದೆ ಇಟ್ಟೆ. ಬಂದ ಫಲಿತಾಂಶ ನನ್ನನ್ನೇ ಬೆರಗುಗೊಳಿಸಿತು. ನಿಜವಾದ ಬೆಲೆಯ ಗೆರೆಯೂ ನನ್ನ ಮುನ್ಸೂಚನೆಯ ಗೆರೆಯೂ ಒಂದರ ಮೇಲೊಂದು ಕೂತಿದ್ದವು.

ಮಾರ್ಗದರ್ಶಕರಾಗಿದ್ದ ಮೇಡಂ ಆ ನಕ್ಷೆಯನ್ನು ನೋಡಿ, ಒಂದೇ ತಿಂಗಳಿನ ಭಾಗವನ್ನು ದೊಡ್ಡದು ಮಾಡಿ ತೋರಿಸಲು ಹೇಳಿದರು. ಪೇಟೆ ಸೋಮವಾರ ಕುಸಿದರೆ ನನ್ನ ಗೆರೆ ಮಂಗಳವಾರ ಕುಸಿಯುತ್ತಿತ್ತು. ಬುಧವಾರ ಏರಿದರೆ ಗುರುವಾರ ಏರುತ್ತಿತ್ತು. ಹಿಂದಿನ ದಿನದ ಬೆಲೆಯನ್ನೇ ಚೂರು ತಿದ್ದಿ ಮರುದಿನದ ಅಂಕಣಕ್ಕೆ ನಕಲು ಮಾಡುವುದಷ್ಟೇ ನನ್ನ ಮಾದರಿಯ ಕೆಲಸವಾಗಿತ್ತು. “ಇವತ್ತಿನ ರೇಟನ್ನs ನಾಳಿ ರೇಟ್ ಅಂತ ಬರದು ನೋಡ್ರಿ, ತಪ್ಪು ಎಷ್ಟ್ ಬರ್ತದ ಲೆಕ್ಕಾ ಹಾಕ್ರಿ” ಎಂದರು ಮೇಡಂ. ಹಾಕಿದೆ. ಯಾವ ಮಾದರಿಯೂ ಇಲ್ಲದ ಆ ಊಹೆಯ ಸರಾಸರಿ ತಪ್ಪು ನನ್ನದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಂತು. ಮಾದರಿಗಳು ಇಂಥ ಸರಳ ಊಹೆಯನ್ನು ಸೋಲಿಸಲಾರವೆಂದು ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಮೀಸ್ ಮತ್ತು ಕೆನೆತ್ ರೋಗಾಫ್ ಅವರು ವಿನಿಮಯ ದರಗಳ ವಿಷಯದಲ್ಲಿ 1983ರಲ್ಲೇ ತೋರಿಸಿದ್ದರು. ನಾನು ಅದನ್ನು ಪರೀಕ್ಷೆಗಾಗಿ ಓದಿದ್ದೆ, ಆದರೆ ನನ್ನ ಕೆಲಸಕ್ಕೂ ಅದು ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ಎರಡು ತಿಂಗಳು ಮಾದರಿಯ ಗೋಜಿಗೆ ಹೋಗದೆ ದತ್ತಾಂಶವನ್ನೇ ಸೋಸುತ್ತ ಕೂತೆ, ಮತ್ತು ಪದವಿಯ ನಿಜವಾದ ಓದು ಆ ಎರಡು ತಿಂಗಳಲ್ಲೇ ಆಯಿತೆಂದು ಈಗಲೂ ಅನ್ನಿಸುತ್ತದೆ. ಸೂಚ್ಯಂಕದ ಜೊತೆಗೆ ಇಟ್ಟುಕೊಂಡಿದ್ದ ಬಿಡಿ ಷೇರುಗಳ ಕಡತದಲ್ಲಿ ಇನ್ಫೋಸಿಸ್ 2018ರ ಸೆಪ್ಟೆಂಬರಿನ ಒಂದೇ ದಿನದಲ್ಲಿ 1,400 ರೂಪಾಯಿಗಿಂತ ಮೇಲಿದ್ದದ್ದು ಅರ್ಧಕ್ಕೆ ಇಳಿದಿತ್ತು. ಅದು ಕಂಪನಿಯು ಇದ್ದ ಪ್ರತಿ ಷೇರಿಗೆ ಇನ್ನೊಂದನ್ನು ಉಚಿತವಾಗಿ, ಬೋನಸ್ ಷೇರಾಗಿ ಕೊಟ್ಟ ಸಂದರ್ಭ; ಷೇರುಗಳ ಸಂಖ್ಯೆ ದುಪ್ಪಟ್ಟಾದಾಗ ಒಂದೊಂದರ ಬೆಲೆ ಅರ್ಧವಾಗುತ್ತದೆ. ಷೇರುದಾರರು ಕಳೆದುಕೊಂಡದ್ದು ಏನೂ ಇರಲಿಲ್ಲ, ಆದರೆ ಬೆಲೆಯನ್ನು ಹೊಂದಿಸಿಕೊಳ್ಳದ ನನ್ನ ಲೆಕ್ಕದಲ್ಲಿ ಅವರ ಅರ್ಧ ಹಣ ಮುಳುಗಿತ್ತು. ಇನ್ನೊಂದು ತಪ್ಪು ಇದಕ್ಕಿಂತ ಆಳದ್ದು. ಇಂದಿನ ಐವತ್ತು ಕಂಪನಿಗಳ ಪಟ್ಟಿಯನ್ನು ಹಿಡಿದು 2006ಕ್ಕೆ ಹಿಂದಿರುಗಿದ್ದರಿಂದ, 2009ರ ಜನವರಿಯಲ್ಲಿ ಲೆಕ್ಕಪತ್ರದ ವಂಚನೆ ಬಯಲಾಗಿ ಸೂಚ್ಯಂಕದಿಂದ ಹೊರಬಿದ್ದ ಸಾಫ್ಟ್‌ವೇರ್ ಕಂಪನಿ ಸತ್ಯಂ ನನ್ನ ಕಡತದಲ್ಲಿ ಇರಲೇ ಇಲ್ಲ. ಗೆದ್ದು ಉಳಿದವರನ್ನು ಮಾತ್ರ ಎಣಿಸಿದರೆ ಹಳೆಯ ಹೂಡಿಕೆಗಳೆಲ್ಲ ಜಾಣತನದವಾಗಿಯೇ ಕಾಣುತ್ತವೆ. ಮಾದರಿಗೆ ಸೇರಿಸಿದ್ದ ಕೈಗಾರಿಕಾ ಉತ್ಪಾದನಾ ಸೂಚ್ಯಂಕದಲ್ಲೂ ಎಡವಿದ್ದೆ. ಏಪ್ರಿಲ್ ತಿಂಗಳ ಅಂಕಿ ಆ ವರ್ಷಗಳಲ್ಲಿ ಪ್ರಕಟವಾಗುತ್ತಿದ್ದುದು ಜೂನ್ 12ರ ಸುಮಾರಿಗೆ. ಅದನ್ನು ಮೇ ತಿಂಗಳ ಮುನ್ಸೂಚನೆಗೆ ಬಳಸಿದ್ದ ನಾನು, ಆ ದಿನ ಯಾರ ಕೈಯಲ್ಲೂ ಇಲ್ಲದ ಮಾಹಿತಿಯನ್ನು ಮಾದರಿಗೆ ಉಣಿಸಿದ್ದೆ.

ಇವನ್ನೆಲ್ಲ ತಿದ್ದಿದ ಮೇಲೆ ಬೆಲೆಯನ್ನು ಬಿಟ್ಟು ದಿನದ ಪ್ರತಿಫಲವನ್ನು, ಅಂದರೆ ಬೆಲೆ ಹಿಂದಿನ ದಿನಕ್ಕಿಂತ ಶೇಕಡಾ ಎಷ್ಟು ಬದಲಾಯಿತೆಂಬುದನ್ನು ಹಿಡಿದೆ. ಏರುವುದೋ ಇಳಿಯುವುದೋ ಎಂಬುದನ್ನು ನನ್ನ ಅತ್ಯುತ್ತಮ ಮಾದರಿ ನೂರಕ್ಕೆ 52 ದಿನ ಸರಿಯಾಗಿ ಹೇಳಿತು. ಷೇರನ್ನು ಡೆಲಿವರಿಗೆ, ಅಂದರೆ ಅದೇ ದಿನ ಮಾರದೆ ಖಾತೆಗೆ ಪಡೆಯುವಂತೆ, ಕೊಳ್ಳುವಾಗಲೂ ಹಾಗೆ ಪಡೆದುದನ್ನು ಮಾರುವಾಗಲೂ ಶೇ. 0.1ರಷ್ಟು ವಹಿವಾಟು ತೆರಿಗೆ ಇದೆ. ದಲ್ಲಾಳಿ ಶುಲ್ಕದ ಮಾತೆತ್ತುವ ಮೊದಲೇ, ಆ 52 ದಿನಗಳಿಂದ ಬರಬಹುದಾಗಿದ್ದ ಸಣ್ಣ ಲಾಭ ಕರಗಿತು. ಏರಿಳಿತದ ಗಾತ್ರವನ್ನಷ್ಟೇ ಅಳೆಯಲು ಪ್ರತಿಫಲವನ್ನು ಅದರಿಂದಲೇ ಗುಣಿಸಿ ವರ್ಗ ಮಾಡಿ ನೋಡಿದಾಗ ಮಾತ್ರ ಚಿತ್ರ ಬೇರೆಯಾಯಿತು: ದೊಡ್ಡ ಏರಿಳಿತದ ದಿನಗಳು ಗುಂಪುಗುಂಪಾಗಿ ಬರುತ್ತಿದ್ದವು. ಅರ್ಥಶಾಸ್ತ್ರಜ್ಞ ರಾಬರ್ಟ್ ಎಂಗಲ್ 1982ರಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು, 1986ರಲ್ಲಿ ಟಿಮ್ ಬೊಲ್ಲರ್ಸ್‌ಲೆವ್ ಅದನ್ನು ಗಾರ್ಚ್ ಎಂಬ ರೂಪಕ್ಕೆ ಬೆಳೆಸಿದರು. ನಾಳೆಯ ಏರಿಳಿತವು ಇಂದಿನ ಆಘಾತವನ್ನೂ ಇಂದಿನವರೆಗಿನ ಏರಿಳಿತವನ್ನೂ ಅವಲಂಬಿಸುತ್ತದೆ ಎಂಬುದು ಅದರ ತಿರುಳು. ನನ್ನ ಲೆಕ್ಕದಲ್ಲಿ ಈ ಎರಡರ ಗುಣಾಂಕಗಳ ಮೊತ್ತ 1ಕ್ಕೆ ತೀರಾ ಹತ್ತಿರ ಬಂತು, ಅಂದರೆ ಒಮ್ಮೆ ಎದ್ದ ಅಲೆ ವಾರಗಟ್ಟಲೆ ಅಡಗುವುದಿಲ್ಲ. ಹಿಂದಿನ ತಿಂಗಳ ಏರಿಳಿತವನ್ನೇ ಮುಂದಿನದ್ದೆಂದು ಬರೆಯುವ ಸರಳ ಊಹೆಯನ್ನು ಈ ಮಾದರಿ ಐದು ವರ್ಷಗಳಲ್ಲೂ ಸೋಲಿಸಿತು. ಪೇಟೆಯ ದಿಕ್ಕನ್ನು ಹೇಳಲಾಗದಿದ್ದರೂ ಅದರ ಒರಟುತನವನ್ನು ಒಂದಿಷ್ಟು ಹೇಳಬಹುದು ಎಂಬ ಈ ಒಂದು ಸಾಲಿಗಾಗಿ ನಾನು ಎರಡು ವರ್ಷ ದುಡಿದೆನೆಂದರೆ ತಪ್ಪಾಗದು.

ಇದರಿಂದ ಹೂಡಿಕೆಗೆ ಏನು ಪ್ರಯೋಜನ ಎಂದು ನೋಡಲು, ಮುನ್ಸೂಚಿತ ಏರಿಳಿತ ಹೆಚ್ಚಿದಂತೆ ಷೇರಿನ ಪಾಲನ್ನು ಇಳಿಸಿ, ಉಳಿದುದನ್ನು ಕಡಿಮೆ ಅಪಾಯದ ಮ್ಯೂಚುವಲ್ ಫಂಡ್ ಆದ ಲಿಕ್ವಿಡ್ ಫಂಡಿನಲ್ಲಿಡುವ ನಿಯಮವೊಂದನ್ನು ರೂಪಿಸಿ, ಪರೀಕ್ಷೆಗೆಂದು ಇಟ್ಟಿದ್ದ ಹಳೆಯ ಬೆಲೆಗಳ ಮೇಲೆ ಕಾಗದದಲ್ಲೇ ಓಡಿಸಿದೆ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಶೇ. 13ರಷ್ಟು ಕುಸಿಯಿತು. ಅಷ್ಟು ದೊಡ್ಡ ಕುಸಿತವನ್ನು ಮಾದರಿ ಹಿಂದಿನ ದಿನ ಹೇಳಿರಲಿಲ್ಲ, ಆದರೆ ಮಾರ್ಚ್ ಮೊದಲೆರಡು ವಾರಗಳಲ್ಲೇ ಷೇರಿನ ಪಾಲನ್ನು ಅರ್ಧಕ್ಕಿಂತ ಕೆಳಗೆ ತಂದಿತ್ತು, ಸೂಚ್ಯಂಕ ಶೇ. 23ರಷ್ಟು ಕಳೆದುಕೊಂಡ ಆ ತಿಂಗಳಲ್ಲಿ ನನ್ನ ನಿಯಮದ ನಷ್ಟ ಅದಕ್ಕಿಂತ ಬಹಳ ಕಡಿಮೆಯಾಯಿತು. ಏಪ್ರಿಲ್‌ನಲ್ಲಿ ನಿಫ್ಟಿ ಶೇ. 14ಕ್ಕೂ ಹೆಚ್ಚು ಮೇಲೆದ್ದಾಗ ಏರಿಳಿತ ಇನ್ನೂ ಅಡಗಿರಲಿಲ್ಲವಾದ್ದರಿಂದ, ನನ್ನ ನಿಯಮದ ಕಾಗದದ ಹಣದ ಬಹುಪಾಲು ಲಿಕ್ವಿಡ್ ಫಂಡಿನಲ್ಲೇ ಕೂತಿತ್ತು. ಮಾರ್ಚ್ ತಿಂಗಳ ಕೋಷ್ಟಕವನ್ನಷ್ಟೇ ಪ್ರಬಂಧದಲ್ಲಿ ಇಡುವ ಆಸೆ ನನಗಿತ್ತು. ಏಪ್ರಿಲ್‌ನದನ್ನೂ ಅದರ ಪಕ್ಕದಲ್ಲೇ ಅಚ್ಚು ಹಾಕಿಸಿದೆ.